ಇರಬೇಕಾದ ತೂತು, ಇರಬಾರದ ತೂತು

ನನ್ನ ಗಂಡನಿಗೆ ಅವನ ಕಾರ್ಖಾನೆಯವರು ಇಟ್ಟ ಹೆಸರು ಗುಳ್ಳೆ. ಅಲ್ಲಿ ನಲ್ಲಿಗಳನ್ನು ತಯಾರಿಸುತ್ತಾರೆ. ಸೋರುವ ನಲ್ಲಿಯನ್ನು ಹಿಡಿಯುವುದು ಇವನ ಕೆಲಸ. ಹೊಸ ನಲ್ಲಿಯ ಬಾಯಿ ಬಿಗಿದು, ಒಳಗೆ ಗಾಳಿ ತುಂಬಿ, ಗಾಜಿನ ತೊಟ್ಟಿಯ ನೀರಿನಲ್ಲಿ ಮುಳುಗಿಸಿ, ಬೆಕ್ಕು ಮೀನನ್ನು ಕಾಯುವ ಹಾಗೆ ಕಾಯುತ್ತಾನೆ. ಗುಳ್ಳೆ ಏಳದಿದ್ದರೆ ನಲ್ಲಿ ಪಾಸು. ಒಂದೇ ಒಂದು ಗುಳ್ಳೆ ಎದ್ದರೂ ಅದರ ಕತ್ತಿಗೆ ಕೆಂಪು ಬಣ್ಣದ ಬೊಟ್ಟು ಬೀಳುತ್ತದೆ. ನಲ್ಲಿ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ನಾನೂ ಅವನನ್ನು ಗುಳ್ಳೆ ಎಂದೇ ಕರೆಯತೊಡಗಿದಾಗ ಅತ್ತೆ ತಡೆದಿದ್ದರು.

"ಅಷ್ಟು ಯೋಚನೆ ಮಾಡಿ ಹೆಸರಿಟ್ಟೋಳು ನಾನು. ಒಂದು ದಿನಕ್ಕಾದ್ರೂ ಆ ಹೆಸರು ನಿನ್ನ ಬಾಯಲ್ಲಿ ಬಂದಿದೆಯೇನೇ?"

ವಾರ ಕಳೆಯುವುದರೊಳಗೆ ಅವರೂ ಗುಳ್ಳೆ ಎನ್ನುತ್ತಿದ್ದರು.

ಅತ್ತೆ ಬಸ್ ಕಂಡಕ್ಟರ್ ಆಗಿದ್ದವರು. ಅವರು ಬಸ್ಸನ್ನು ಬಿಟ್ಟು ಬಹಳ ಕಾಲವಾಗಿತ್ತು, ಬಸ್ಸು ಮಾತ್ರ ಅವರನ್ನು ಬಿಟ್ಟಿರಲಿಲ್ಲ. ನಮ್ಮ ಪುಟ್ಟ ಅಡುಗೆಮನೆಯಲ್ಲಿ ಮೂವರೂ ಸೇರಿದರೆ, "ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ" ಎನ್ನುತ್ತಿದ್ದರು. ಇನ್ನು ನಾನು, ಕನ್ನಡಕದಂಗಡಿಯ ಕತ್ತಲೆ ಕೋಣೆಯಲ್ಲಿ ಜನರ ಕಣ್ಣು ಪರೀಕ್ಷಿಸುವವಳು. ಗಾಜು ಬದಲಿಸುತ್ತಾ ದಿನವಿಡೀ "ಇದು ಚೆನ್ನಾಗಿ ಕಾಣತ್ತಾ, ಇದಾ?" ಎಂದು ಕೇಳುವುದು ನನ್ನ ಕಸುಬು. ಸಂಜೆ ಮನೆಗೆ ಬಂದರೂ ಆ ಚಾಳಿ ಹೋಗುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಿ ಹೇಳದವರನ್ನು ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ನಮಗೆ ಮಕ್ಕಳಾಗಲಿಲ್ಲ. "ನಾವಿಬ್ರಿದ್ದೀವಿ, ಅಮ್ಮ ಇದ್ದಾಳೆ. ಮನೇಲಿ ಗಲಾಟೆಗೇನೂ ಕಮ್ಮಿ ಇಲ್ವಲ್ಲ" ಎಂದು ಗುಳ್ಳೆ ಆರಾಮಾಗಿದ್ದ. ನನಗೆ ಆರಾಮಿರಲಿಲ್ಲ. ಹಟ ಹಿಡಿದು ಅವನನ್ನು ಚಿಕಿತ್ಸೆಗೆ ಎಳೆದುಕೊಂಡು ಹೋದವಳು ನಾನು. ಹೊಟ್ಟೆಗೆ ಚುಚ್ಚಿಸಿಕೊಂಡ ಸೂಜಿಗಳಿಗೆ ಲೆಕ್ಕವಿಲ್ಲ. ಲ್ಯಾಬಿನಲ್ಲಿ ಒಬ್ಬ ಹುಡುಗಿ ಸೂಕ್ಷ್ಮದರ್ಶಕದಡಿ ನನ್ನ ಅಂಡಾಣುವನ್ನೂ ಇವನ ವೀರ್ಯಾಣುವನ್ನೂ ಕೂಡಿಸಿದಳು. ಹಾಗೆ ಮೂಡಿದ ಭ್ರೂಣಗಳಲ್ಲಿ ಎರಡನ್ನು ನನ್ನೊಳಗೆ ಬಿಟ್ಟರು. ಮೊದಲ ಸ್ಕ್ಯಾನಿನಲ್ಲಿ ಒಂದೇ ಕಂಡಿತು.

"ಇಬ್ರು ಹತ್ತಿದ್ರು. ಒಬ್ರು ಮುಂದಿನ ಸ್ಟಾಪಲ್ಲೇ ಇಳಿದುಬಿಟ್ರು" ಎಂದರು ಅತ್ತೆ. ಆಮೇಲೆ ನಮ್ಮಿಬ್ಬರಿಗೂ ಬೆನ್ನು ಮಾಡಿ ನಿಂತು, ತೊಳೆದಿಟ್ಟ ಲೋಟವನ್ನೇ ಮತ್ತೆ ಮತ್ತೆ ತೊಳೆದರು.

ಉಳಿದ ಒಂದು ಗಟ್ಟಿಯಾಗಿ ಕೂತಿತು. ನನ್ನ ಹೊಟ್ಟೆ ಮೇಜಿಗೆ ತಾಗತೊಡಗಿದ ಹೊತ್ತಿಗೆ ಚಿಕಿತ್ಸೆಯ ಡಾಕ್ಟರು ಇನ್ನೊಂದು ಪರೀಕ್ಷೆ ಹೇಳಿದರು: ಮಗುವಿನ ಹೃದಯವನ್ನಷ್ಟೇ ನೋಡುವ ಸ್ಕ್ಯಾನು. ಯಾಕೆ ಎಂದು ಕೇಳಿದೆ. ಯಾವುದೇ ನೂರು ಕೂಸುಗಳಲ್ಲಿ ಸುಮಾರು ಒಂದಕ್ಕೆ ಹೃದಯದಲ್ಲಿ ಏನಾದರೊಂದು ಊನ ಇರುತ್ತದೆ, ಇಂಥ ಚಿಕಿತ್ಸೆಯಿಂದ ಹುಟ್ಟುವ ಮಕ್ಕಳಲ್ಲಿ ಅದು ಸ್ವಲ್ಪ ಹೆಚ್ಚು, ನೂರಕ್ಕೆ ಎರಡರ ಹತ್ತಿರ ಹೋಗಬಹುದು ಎಂದರು. "ನೂರಕ್ಕೆ ತೊಂಬತ್ತೆಂಟು ಸರಿಯಾಗೇ ಇರತ್ತಲ್ಲ, ಹೆದರಬೇಡಿ" ಎಂದೂ ಸೇರಿಸಿದರು. ನಾನು ವಿಜ್ಞಾನ ಓದಿದವಳು. ಒಂದು ಎರಡಾದರೂ ಎರಡು ಸಣ್ಣ ಸಂಖ್ಯೆಯೇ ಎಂದು ನನಗೆ ಗೊತ್ತು. ಆದರೆ ದಾರಿಯುದ್ದಕ್ಕೂ ಆ ತೊಂಬತ್ತೆಂಟರ ಬಗ್ಗೆ ನಾನು ಒಂದು ಸಲವೂ ಯೋಚಿಸಲಿಲ್ಲ.

ಮನೆಯಲ್ಲಿ ಹೇಳಿದಾಗ ಅತ್ತೆ ತಮ್ಮ ರೀತಿಯಲ್ಲಿ ಅರ್ಥ ಮಾಡಿಕೊಂಡರು.

"ಎಲ್ಲ ಬಸ್ಸಲ್ಲೂ ನೂರಕ್ಕೆ ಒಬ್ಬ ಟಿಕೆಟ್ ಇಲ್ದೋನು ಇರ್ತಾನೆ. ನಿಮ್ಮ ಬಸ್ಸಲ್ಲಿ ಇಬ್ರು. ಅಷ್ಟೇ ತಾನೆ?"

"ಅಷ್ಟೇ."

"ಆ ಇಬ್ರು ಯಾರು ಅಂತ ಮುಖ ನೋಡಿದ್ರೆ ಗೊತ್ತಾಗತ್ತಾ?"

"ಗೊತ್ತಾಗಲ್ಲ ಅತ್ತೆ. ಅದಕ್ಕೇ ಚೆಕಿಂಗು."

"ಹಾಗಾದ್ರೆ ಚೆಕಿಂಗ್ ಆಗಲಿ" ಎಂದು ಅವರು ಎದ್ದು ಹೋದರು. ನಾನು ಅಲ್ಲೇ ಕೂತೆ. ನಾವು ಈ ಬಸ್ಸು ಹತ್ತಿದ್ದೇ ನನ್ನ ಹಟದಿಂದ. ಆ ಎರಡನೆಯವನು ನಮ್ಮವನೇ ಆಗಿಬಿಟ್ಟರೆ ಅವನನ್ನು ಹತ್ತಿಸಿದವಳು ನಾನೇ ಅಲ್ಲವೇ?

ಸ್ಕ್ಯಾನಿನ ದಿನ ಮೂವರೂ ಹೋದೆವು. ನನ್ನ ಸರದಿ ಬಂದಾಗ ಗುಳ್ಳೆ ಕುರ್ಚಿ ಬಿಟ್ಟು ಏಳಲಿಲ್ಲ.

"ನಾನು ಹೊರಗೇ ಇರ್ತೀನಿ."

"ಯಾಕೆ?"

"ನಮ್ಮಲ್ಲಿ ರೂಲಿದೆ. ನಲ್ಲಿ ಜೋಡಿಸಿದೋನು ತೊಟ್ಟಿ ಹತ್ರ ಬರಬಾರದು. ತಾನು ಮಾಡಿದ ಮಾಲಿನ ಮೇಲೆ ಮಮತೆ ಇರತ್ತೆ. ಗುಳ್ಳೆ ಎದ್ರೂ ಕಣ್ಣಿಗೆ ಬೀಳಲ್ಲ."

"ನೀನೊಬ್ಬನೇ ಜೋಡಿಸಿದ ಹಾಗೆ ಮಾತಾಡ್ತೀಯಲ್ಲ! ಅರ್ಧ ಕೆಲಸ ಆ ಲ್ಯಾಬಿನ ಹುಡುಗೀದು. ಇನ್ನರ್ಧ ನಂದು. ನೀನು ಬರೀ ಸಾಮಾನು ತಂದುಕೊಟ್ಟೋನು."

ಬಾಗಿಲ ಬಳಿಯಿದ್ದ ನರ್ಸು ಕೈಯಲ್ಲಿದ್ದ ಫೈಲಿನ ಹಿಂದೆ ಮುಖ ಮುಚ್ಚಿಕೊಂಡಳು. ಗುಳ್ಳೆಯ ಕಿವಿ ಕೆಂಪಾಯಿತು.

"ಲೋ, ಹಿಂದೆ ಜನ ಕಾಯ್ತಿದ್ದಾರೆ" ಎಂದು ಅತ್ತೆ ಅವನ ಬೆನ್ನಿಗೊಂದು ಗುದ್ದು ಕೊಟ್ಟರು. "ಒಳಗೆ ಹೋಗೋ!"

ಹೃದಯದ ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ಕೆಲಸ ಮಾಡುವಾಗ ಅವರಿಗೆ ಗುನುಗುವ ಅಭ್ಯಾಸ. ನನ್ನ ಹೊಟ್ಟೆಗೆ ತಣ್ಣನೆಯ ಜೆಲ್ಲು ಬಳಿದು, ಕೈಯಳತೆಯ ಉಪಕರಣವನ್ನು ಅತ್ತಿತ್ತ ಆಡಿಸುತ್ತಾ, ಯಾವುದೋ ರಾಗದಲ್ಲಿ ಗುನುಗುತ್ತಾ ಪರದೆ ನೋಡುತ್ತಿದ್ದರು. ಬೂದು ಬಣ್ಣದ ಮಂಜಿನೊಳಗೆ ಹುಣಸೆಬೀಜದಷ್ಟು ಗಾತ್ರದ ಏನೋ ಒಂದು ಪಟಪಟ ಬಡಿದುಕೊಳ್ಳುತ್ತಿತ್ತು. "ಇದು ಮೇಲಿನ ಎರಡು ಕೋಣೆ, ಇದು ಕೆಳಗಿನ ಎರಡು" ಎಂದು ತೋರಿಸಿದರು. ಆಮೇಲೆ ಒಂದು ಗುಂಡಿ ಒತ್ತಿದರು. ಪರದೆಯ ತುಂಬ ಬಣ್ಣ ಹರಿಯಿತು. ನೀಲಿ, ಕೆಂಪು, ಮತ್ತೆ ನೀಲಿ. ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ, ಇರಬಾರದ ಜಾಗದಲ್ಲಿ ಎನ್ನುವ ಹಾಗೆ, ಕೆಂಪು ಬಣ್ಣದ ಒಂದು ಬೊಟ್ಟು ಮಿನುಗಿತು.

"ಸೋರ್ತಿದೆ!" ಎಂದು ಗುಳ್ಳೆ ಕೂಗಿಕೊಂಡ.

ನನ್ನ ಹೊಟ್ಟೆ, ಅದರೊಳಗಿನ ಕೂಸು, ಡಾಕ್ಟರ ಕೈ, ಎಲ್ಲವೂ ಒಟ್ಟಿಗೆ ಬೆಚ್ಚಿದವು.

"ಏನು ಸೋರ್ತಿದೆ?" ಡಾಕ್ಟರು ಕೊಳಾಯಿ ಇರುವ ಮೂಲೆಯ ಕಡೆ ನೋಡಿದರು.

"ಅಲ್ಲಿ, ಗೋಡೇಲಿ. ಕೆಂಪು ಬಿತ್ತು. ನಾನು ಕಣ್ಣಾರೆ ನೋಡಿದೆ. ಕೆಂಪು ಬಿದ್ರೆ ಮಾಲು ರಿಜೆಕ್ಟು!" ಅವನ ಧ್ವನಿ ಒಡೆದಿತ್ತು.

ಅವನ ಕಾರ್ಖಾನೆ, ತೊಟ್ಟಿ, ಬಣ್ಣದ ಡಬ್ಬಿ ಇದನ್ನೆಲ್ಲ ನಾನು ಮಲಗಿದಲ್ಲಿಂದಲೇ ವಿವರಿಸಬೇಕಾಯಿತು. ಡಾಕ್ಟರು ತಾಳ್ಮೆಯಿಂದ ಕೇಳಿದರು. ಅವರ ತುಟಿಯ ಅಂಚು ಮಾತ್ರ ಹಿಡಿತದಲ್ಲಿರಲಿಲ್ಲ.

"ನೋಡಿ, ಈ ಯಂತ್ರದಲ್ಲಿ ಕೆಂಪು ಅಂದ್ರೆ ರಕ್ತ ನನ್ನ ಕೈಯ ಕಡೆ ಬರ್ತಿದೆ ಅಂತ. ನೀಲಿ ಅಂದ್ರೆ ಆ ಕಡೆ ಹೋಗ್ತಿದೆ ಅಂತ. ಒಳ್ಳೇದು, ಕೆಟ್ಟದ್ದು ಅದಕ್ಕೆ ಗೊತ್ತಿಲ್ಲ. ಇನ್ನು ಆ ತೂತು, ಅದು ಇರಬೇಕಾದ ತೂತು. ಹೊಟ್ಟೆಯೊಳಗೆ ಕೂಸು ಉಸಿರಾಡಲ್ಲ. ಶ್ವಾಸಕೋಶಕ್ಕೆ ಈಗ ಅಷ್ಟು ರಕ್ತ ಬೇಡ. ಅದಕ್ಕೇ ಈ ಕೋಣೆಯಿಂದ ಆ ಕೋಣೆಗೆ ಒಂದು ಒಳದಾರಿ ಇರತ್ತೆ. ಹುಟ್ಟಿ ಉಸಿರೆಳೆದ ಮೇಲೆ ಅದರ ಬಾಗಿಲು ತಾನಾಗೇ ಬೀಳತ್ತೆ. ಈಗಲೇ ಮುಚ್ಚಿಕೊಂಡಿದ್ರೆ ನಾನು ಕೂಗಿಕೊಳ್ಳಬೇಕಾಗಿತ್ತು."

"ಅಂದ್ರೆ ತೂತಿರೋದೇ ಪಾಸು?"

"ಸದ್ಯಕ್ಕೆ, ಹೌದು."

ಗುಳ್ಳೆ ಉಸಿರು ಬಿಟ್ಟು ಕೂತ. ನಾನು ನಗತೊಡಗಿದೆ. ನಗುವಿಗೆ ಹೊಟ್ಟೆ ಕುಣಿದು ಚಿತ್ರವೂ ಕುಣಿಯಿತು. "ಅಮ್ಮ, ಸ್ವಲ್ಪ ತಡ್ಕೊಳ್ಳಿ" ಎಂದರು ಡಾಕ್ಟರು. ಮತ್ತೆ ಗುನುಗು ಶುರುವಾಯಿತು. ಉಪಕರಣ ಕೆಳಗಿನ ಕೋಣೆಗಳತ್ತ ಜಾರಿತು.

ಗುನುಗು ನಿಂತಿತು.

ಅವರು ಒಂದೇ ಜಾಗವನ್ನು ಈ ಕೋನದಿಂದ, ಆ ಕೋನದಿಂದ, ಮತ್ತೆ ಈ ಕೋನದಿಂದ ನೋಡಿದರು. ಕೆಳಗಿನ ಎರಡು ಕೋಣೆಗಳ ನಡುವಿನ ದಪ್ಪ ಗೋಡೆಯಲ್ಲಿ ಗುಂಡುಸೂಜಿಯ ತಲೆಯಷ್ಟು ಬಣ್ಣ ಬಂದು ಬಂದು ಹೋಗುತ್ತಿತ್ತು. ಕಣ್ಣು ಪರೀಕ್ಷಿಸುವವಳ ಕಣ್ಣಿಗೆ ಅದು ಕಂಡಿತು. ಗುಳ್ಳೆಗೂ ಕಂಡಿತು. ಆದರೆ ಈ ಸಲ ಅವನು ಕೂಗಲಿಲ್ಲ. ಪಾಠ ಕಲಿತ ಜಾಣ ವಿದ್ಯಾರ್ಥಿಯ ಹಾಗೆ ನನ್ನ ಕೈ ತಟ್ಟಿ ಹೇಳಿದ:

"ಇದೂ ಇರಬೇಕಾದ ತೂತೇ. ಅಲ್ವಾ ಡಾಕ್ಟ್ರೇ?"

ಡಾಕ್ಟರು ಅವನ ಕಡೆ ತಿರುಗಿದರು. "ಇಲ್ಲ. ಇದು ಇರಬಾರದ್ದು."

ಗುಳ್ಳೆ ನನ್ನ ಕೈಯನ್ನು ನಲ್ಲಿ ಬಿಗಿಯುವ ಹಾಗೆ ಬಿಗಿದು ಹಿಡಿದ.

"ಸಣ್ಣದು" ಎಂದು ಅವರು ಮುಂದುವರಿಸಿದರು. "ಹೃದಯದ ಉಳಿದ ಭಾಗವೆಲ್ಲ ಸರಿಯಾಗಿದೆ. ಇಂಥ ಸಣ್ಣ ತೂತುಗಳು ಎಷ್ಟೋ ತಾವಾಗೇ ಮುಚ್ಚಿಕೊಳ್ತವೆ. ಕೆಲವು ಹುಟ್ಟೋಕೆ ಮುಂಚೆ, ಕೆಲವು ಹುಟ್ಟಿದ ಮೇಲೆ. ಕೆಲವು ಮುಚ್ಚಲ್ಲ. ಆಗ ಏನು ಮಾಡಬೇಕು ಅನ್ನೋದೂ ನಮಗೆ ಗೊತ್ತಿದೆ. ಈಗ ಮಾಡಬೇಕಾದ್ದು ಕಾಯೋದು."

ನಾನು ಕೇಳಿಯೇಬಿಟ್ಟೆ. "ಇದು ಚಿಕಿತ್ಸೆಯಿಂದ ಆಗಿದ್ದಾ, ಅಲ್ವಾ?"

"ಹೇಳೋಕಾಗಲ್ಲ."

"ಎರಡರಲ್ಲಿ ಒಂದು ಹೇಳಿ."

"ಸಾವಿರಾರು ಮಕ್ಕಳ ಮಾಹಿತಿ ಒಟ್ಟಿಗಿಟ್ಟರೆ ಒಂದಿಷ್ಟು ಹೇಳಬಹುದು. ಒಂದೇ ಮಗುವನ್ನು ತೋರಿಸಿ ಇದಕ್ಕೆ ಯಾಕಾಯ್ತು ಅಂದ್ರೆ ಯಾರೂ ಹೇಳಲಾರರು. ಚಿಕಿತ್ಸೆ ಇರಬಹುದು. ಚಿಕಿತ್ಸೆ ಬೇಕಾಗಿ ಬಂತಲ್ಲ, ಅದರ ಹಿಂದಿನ ಕಾರಣ ಇರಬಹುದು. ಏನೂ ಇಲ್ಲದೆ ಸುಮ್ಮನೆ ಆಗಿರಬಹುದು. ಯಾವ ಚಿಕಿತ್ಸೆಯೂ ಇಲ್ಲದೆ ಹುಟ್ಟಿದ ಮಕ್ಕಳಿಗೂ ಇದೇ ತೂತು ಇರೋದನ್ನ ನಾನು ದಿನಾ ನೋಡ್ತೀನಿ."

ಸರಿಯಾದ ಉತ್ತರವೇ. ಪರೀಕ್ಷೆಯಲ್ಲಿ ನಾನು ಬರೆದಿದ್ದರೂ ಪೂರ್ತಿ ಅಂಕ ಸಿಗುತ್ತಿತ್ತು. ಆದರೆ ಅದು ನನ್ನನ್ನು ಮಲಗಲು ಬಿಡಲಿಲ್ಲ.

ಅತ್ತೆಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ನೋವಾಗತ್ತಾ ಅದಕ್ಕೆ?" ಇಲ್ಲ ಎಂದೆ. "ಹಾಗಾದ್ರೆ ನೀನ್ಯಾಕೆ ನೋವು ಮಾಡ್ಕೋತೀಯ? ಕಾಲು ಚಾಚು" ಎಂದು ಊದಿಕೊಂಡ ನನ್ನ ಪಾದಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಗುಳ್ಳೆ ಮಾತ್ರ ಮನೆಯ ನಲ್ಲಿಗಳ ಮೇಲೆ ಸೇಡು ತೀರಿಸಿಕೊಳ್ಳತೊಡಗಿದ. ಅವನು ಬಿಗಿದ ನಲ್ಲಿಯನ್ನು ತಿರುಗಿಸಲು ಅತ್ತೆಗೂ ನನಗೂ ಎರಡೆರಡು ಕೈ ಬೇಕಾಗುತ್ತಿದ್ದವು.

"ಯಾಕೋ ಇಷ್ಟು ಬಿಗಿತೀಯ? ನೀರು ಕುಡಿಯೋದು ಬೇಡ್ವಾ ನಾವು?"

"ವಾಪಸು ಕಳಿಸಕ್ಕಾಗದ ಮಾಲು ನನ್ನ ಕೈಗೆ ಇದೇ ಮೊದಲು ಬಂದಿರೋದಮ್ಮ" ಎಂದ ಅವನು. "ಏನ್ ಮಾಡಬೇಕು ಅಂತ ತಿಳೀತಿಲ್ಲ."

"ಯಾರೋ ಕಳಿಸು ಅಂದೋರು? ಇಟ್ಕೋ!"

ಹೆಣ್ಣುಮಗು ಹುಟ್ಟಿತು. ಮೈತುಂಬ ಗುಲಾಬಿ ಬಣ್ಣ, ಗಂಟಲತುಂಬ ಸಿಟ್ಟು. ಅಂದು ಮಧ್ಯಾಹ್ನವೇ ಹೃದಯದ ಡಾಕ್ಟರು ಬಂದು ಪುಟ್ಟ ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು. "ಬೇರೆ ಸದ್ದೇನೂ ಇಲ್ಲ" ಎಂದರು. ಅಷ್ಟೇ ಸಾಕಾಯಿತು. ಗುಳ್ಳೆ ಕಾರಿಡಾರಿಗೆ ಓಡಿ ಕಾರ್ಖಾನೆಗೆ ಫೋನು ಮಾಡಿ, "ಸೋರಿಕೆ ಇಲ್ಲ, ಪಾಸು, ಪಾಸು!" ಎಂದು ಕೂಗತೊಡಗಿದ. ಅತ್ತೆ ಸಿಕ್ಕಸಿಕ್ಕ ನರ್ಸುಗಳ ಗಲ್ಲ ಹಿಂಡಿದರು. ಡಾಕ್ಟರು ಅವನು ಫೋನು ಇಡುವವರೆಗೆ ಕಾದು ನಿಂತಿದ್ದರು.

"ನಾನು ಸದ್ದಿಲ್ಲ ಅಂದೆ. ತೂತಿಲ್ಲ ಅನ್ನಲಿಲ್ಲ. ಹುಟ್ಟಿದ ತಕ್ಷಣ ಹೃದಯದ ಎಡಕ್ಕೂ ಬಲಕ್ಕೂ ಒತ್ತಡ ಹೆಚ್ಚುಕಡಿಮೆ ಒಂದೇ ಇರತ್ತೆ. ತೂತಿದ್ರೂ ಅದರಲ್ಲಿ ರಕ್ತ ನುಗ್ಗಲ್ಲ. ನುಗ್ಗದಿದ್ರೆ ಸದ್ದೂ ಇಲ್ಲ."

ಗುಳ್ಳೆ ಗೋಡೆಗೆ ಒರಗಿದ. ಅವನಿಗೆ ಇದನ್ನು ಇನ್ನೊಮ್ಮೆ ಹೇಳಬೇಕಾಗಿರಲಿಲ್ಲ. "ಗಾಳಿ ತುಂಬದೆ ನೀರಿಗೆ ಇಳಿಸಿದ ಹಾಗೆ" ಎಂದ ಮೆಲ್ಲಗೆ. "ಎಂಥ ಹರಕು ನಲ್ಲಿನೂ ಗುಳ್ಳೆ ಬಿಡಲ್ಲ." ಫೋನು ಅವನ ಕೈಯಲ್ಲೇ ಇತ್ತು. ಅದರಲ್ಲಿ ಕಾರ್ಖಾನೆಯವರ ಅಭಿನಂದನೆಗಳು ಟಿಣ್ ಟಿಣ್ ಎಂದು ಬರುತ್ತಲೇ ಇದ್ದವು.

ಎರಡು ವಾರವಾದ ಮೇಲೆ ಹೋದಾಗ ಸದ್ದು ಬಂದಿತ್ತು. ಜೋರಾಗಿಯೇ ಬಂದಿತ್ತು. ಡಾಕ್ಟರು ಸ್ಟೆತಾಸ್ಕೋಪನ್ನು ನನ್ನ ಕಿವಿಗೇ ಇಟ್ಟರು. ಎರಡು ಬಡಿತಗಳ ನಡುವೆ, ಕಿರಿದಾಗಿ ತೆರೆದ ಕಿಟಕಿಯಲ್ಲಿ ಗಾಳಿ ನುಗ್ಗುವ ಹಾಗೆ, ಶ್‌ಶ್, ಶ್‌ಶ್. ನನ್ನ ಕಣ್ಣು ತುಂಬಿತು.

"ಅಳಬೇಡಿ. ಇದು ಒಳ್ಳೇ ಸದ್ದು" ಎಂದರು ಡಾಕ್ಟರು. "ತೂತು ದೊಡ್ಡದಿದ್ರೆ ರಕ್ತ ಸಲೀಸಾಗಿ ಹರಿದು ಹೋಗತ್ತೆ, ಸದ್ದು ಮೆತ್ತಗಿರತ್ತೆ. ಸಣ್ಣದಾದ್ರೆ ನುಗ್ಗಿ ಹೋಗಬೇಕು, ಗಲಾಟೆ ಜಾಸ್ತಿ. ಸ್ಕ್ಯಾನಲ್ಲೂ ಸಣ್ಣದೇ ಇದೆ. ಹಾಲು ಚೆನ್ನಾಗಿ ಕುಡೀತಾಳಾ? ಬೆವರ್ತಾಳಾ? ತೂಕ ಏರ್ತಿದೆಯಾ?"

"ಹಾಲು ಕುಡಿಯೋದಾ?" ಎಂದರು ಅತ್ತೆ. "ಇನ್ನೊಂದು ಮನೆ ಮಗೂ ಪಾಲೂ ಇವಳೇ ಕುಡೀತಿದ್ದಾಳೇನೋ ಅನ್ನೋ ಅನುಮಾನ ನನಗೆ."

ಅಂದಿನಿಂದ ಅತ್ತೆ ಮೊಮ್ಮಗಳನ್ನು ಪೀಪಿ ಎಂದು ಕರೆದರು. ಕಂಡಕ್ಟರ್ ಮನೆಯಲ್ಲಿ ಹುಟ್ಟಿದವಳು ಸದ್ದು ಮಾಡದೆ ಇರುತ್ತಾಳೆಯೇ ಎಂಬುದು ಅವರ ವಾದ.

ಆ ದಿನವೂ ಹೊರಡುವಾಗ ನಾನು ಕೇಳಿದೆ: ಇದು ಚಿಕಿತ್ಸೆಯಿಂದಾನಾ, ಅಲ್ವಾ? ಡಾಕ್ಟರು ಅದೇ ಉತ್ತರ ಕೊಟ್ಟರು. ಮುಂದಿನ ಸಲವೂ ಕೇಳಿದೆ. ಅದರ ಮುಂದಿನ ಸಲ ಅವರು ನನಗಿಂತ ಮೊದಲೇ, "ಹೇಳೋಕಾಗಲ್ಲ ಅಮ್ಮ. ಈಗ ತೂಕ ನೋಡೋಣ್ವಾ?" ಎಂದರು. ಗುಳ್ಳೆ ದಾರಿಯಲ್ಲಿ ಬೈದ. "ಅವರ ಬಾಯಿಂದ ಹೌದು ಅಂತ ಬರೋವರೆಗೂ ಬಿಡಲ್ವಾ ನೀನು? ಬಂದ್ರೆ ಏನು ಮಾಡ್ತೀಯ?"

ಇಲ್ಲ ಎಂದು ಬಂದರೆ ಮಲಗುತ್ತೇನೆ, ಹೌದು ಎಂದು ಬಂದರೆ ಅಳುತ್ತೇನೆ. ಎರಡರಲ್ಲಿ ಒಂದು ಸಿಕ್ಕರೆ ಸಾಕು ಎನ್ನಿಸಿತ್ತು.

ಪೀಪಿ ಕೂತು, ಅಂಬೆಗಾಲಿಟ್ಟು, ಗುಳ್ಳೆಯ ಶರ್ಟಿನ ಗುಂಡಿಗಳನ್ನು ಒಂದೊಂದಾಗಿ ಕಿತ್ತು ಬಾಯಿಗೆ ಹಾಕಿಕೊಳ್ಳುವಷ್ಟು ದೊಡ್ಡವಳಾದಳು. ಮತ್ತೊಂದು ತಪಾಸಣೆ ಬಂತು. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಗರ್ಭಿಣಿ ಕೂತಿದ್ದಳು. ಶಾಲೆಯಲ್ಲಿ ಈಜು ಕಲಿಸುವವಳಂತೆ. ಅವಳ ಕೂದಲಿನಿಂದ ಈಜುಕೊಳದ ನೀರಿನ ವಾಸನೆ ಬರುತ್ತಿತ್ತು. ಪೀಪಿ ಅವಳ ಬ್ಯಾಗಿನ ಜಿಪ್ಪನ್ನು ವಶಪಡಿಸಿಕೊಂಡಿದ್ದಳು.

"ನಿಮ್ಮದೂ ಆ ಚಿಕಿತ್ಸೆಯದ್ದಾ?" ಅವಳು ಧ್ವನಿ ತಗ್ಗಿಸಿ ಕೇಳಿದಳು.

"ಹೌದು."

"ನಂದೂ. ಇವತ್ತು ಹೃದಯದ ಸ್ಕ್ಯಾನು. ಮೊನ್ನೆ ಡಾಕ್ಟರು ಆ ನೂರಕ್ಕೆ ಎರಡು ಹೇಳಿದಾಗಿಂದ ನಿದ್ದೆ ಇಲ್ಲ." ಅವಳು ಪೀಪಿಯನ್ನು ನೋಡಿದಳು. "ಇವಳು?"

"ಸಣ್ಣ ತೂತಿದೆ."

ಅವಳ ಮುಖ ಬಿಳಿಚಿತು. ಆಮೇಲೆ, ಕೇಳಬಾರದೆಂದು ಗೊತ್ತಿದ್ದೂ ತಡೆಯಲಾರದೆ ಕೇಳಿದಳು: "ಮೊದಲೇ ಗೊತ್ತಿದ್ದಿದ್ರೆ? ಮಾಡಿಸ್ಕೊತಿದ್ರಾ, ಇಲ್ವಾ?"

ನನ್ನ ಪ್ರಶ್ನೆಯೇ ಬೇರೊಬ್ಬರ ಬಾಯಿಂದ ಬಂದಿತ್ತು. ಉತ್ತರಿಸಲೆಂದು ನಾನು ಎರಡೂ ಗಾಜುಗಳನ್ನು ಮನಸ್ಸಿನಲ್ಲೇ ಇಟ್ಟು ನೋಡಿದೆ. ಮೊದಲನೆಯದರಲ್ಲಿ ಪೀಪಿ ಇದ್ದಳು, ಬಾಯಲ್ಲಿ ಜಿಪ್ಪು, ಗಲ್ಲದ ಮೇಲೆ ಜೊಲ್ಲು, ಎದೆಯೊಳಗೆ ಶ್‌ಶ್. ಎರಡನೆಯದರಲ್ಲಿ ತೂತಿಲ್ಲದ ಪೀಪಿ ಇರಬೇಕಿತ್ತು. ಇಷ್ಟು ದಿನ ನಾನು ಹಾಗೇ ಅಂದುಕೊಂಡಿದ್ದೆ. ಆದರೆ ಎಷ್ಟು ತಿರುಗಿಸಿದರೂ ಅದರಲ್ಲಿ ಯಾರೂ ಕಾಣಲಿಲ್ಲ. ಚಿಕಿತ್ಸೆ ಇಲ್ಲದೆ ಬಂದ ಪೀಪಿ ಎಂಬವಳು ಎಲ್ಲಿಯೂ ಇರಲಿಲ್ಲ. ಅಲ್ಲಿದ್ದದ್ದು ಒಂದು ಖಾಲಿ ಮನೆ, ತೀರಾ ಬಿಗಿಯದ ನಲ್ಲಿಗಳು, ಹಟ ಬಿಟ್ಟ ನಾನು. ನಾನು ಇವಳಿಂದ ಗಟ್ಟಿಮುಟ್ಟಾದ ಹೃದಯವೊಂದನ್ನು ಕಿತ್ತುಕೊಂಡಿರಲಿಲ್ಲ. ಇವಳಿಗೆ ಸಿಗಬಹುದಾಗಿದ್ದ ಹೃದಯ ಇದೊಂದೇ.

"ಮಾಡಿಸ್ಕೊತಿದ್ದೆ" ಎಂದೆ. ಎಷ್ಟು ಬೇಗ ಬಂತೆಂದರೆ ನನಗೇ ಆಶ್ಚರ್ಯವಾಯಿತು. "ಹೆದರಿಕೆ ಆಗತ್ತೆ. ನನಗೂ ಆಗಿತ್ತು, ಈಗಲೂ ಆಗತ್ತೆ. ಆದ್ರೆ ಮಾಡಿಸ್ಕೊತಿದ್ದೆ."

"ಸ್ಕ್ಯಾನಲ್ಲಿ ಕೆಂಪು ಬಣ್ಣ ಕಂಡ್ರೆ ಗಾಬರಿ ಆಗ್ಬೇಡಿ ಮೇಡಂ" ಎಂದು ಗುಳ್ಳೆ ಬಹಳ ಅನುಭವಸ್ಥನ ಗತ್ತಿನಲ್ಲಿ ನಡುವೆ ಬಾಯಿ ಹಾಕಿದ. "ಕೆಲವರು ಸುಮ್ಮನೆ ಕೂಗಾಡ್ತಾರೆ."

"ಯಾರೋ ಅದು ಕೂಗಾಡೋರು?" ಎಂದು ಅತ್ತೆ ಮುಗ್ಧರಾಗಿ ಕೇಳಿದರು.

ಈಜಿನ ಟೀಚರು ಅರ್ಥವಾಗದಿದ್ದರೂ ನಕ್ಕಳು. ನರ್ಸು ನಮ್ಮನ್ನು ಕರೆದಳು.

ಒಳಗೆ ಸಾಕಷ್ಟು ರಂಪಾಟ ಆಯಿತು. ಪೀಪಿ ಸ್ಟೆತಾಸ್ಕೋಪಿನ ಕೊಳವೆ ಹಿಡಿದು ಜಗ್ಗಿದಳು. ಡಾಕ್ಟರ ಕನ್ನಡಕ ನೆಲಕ್ಕೆ ಬಿತ್ತು. ನಾನು ಅದರ ಕಡ್ಡಿಯನ್ನು ಅಲ್ಲೇ ಸರಿಮಾಡಿ ಕೊಟ್ಟೆ. ಪೀಪಿ ಅಳು ನಿಲ್ಲಿಸಲೆಂದು ಗುಳ್ಳೆ ಕೆನ್ನೆ ಉಬ್ಬಿಸಿ ಬುಳುಬುಳು ಸದ್ದು ಮಾಡಿದ. ಅವನಿಗೆ ಬೇರೆ ಆಟ ಬರುವುದಿಲ್ಲ. ಅಂತೂ ಒಂದು ಗಳಿಗೆ ಎಲ್ಲರೂ ಉಸಿರು ಹಿಡಿದು ನಿಂತೆವು. ಡಾಕ್ಟರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಸ್ಕ್ಯಾನಿನ ಪರದೆಯಲ್ಲೂ ನೋಡಿದರು.

"ಇದೆ ಇನ್ನೂ. ಆದ್ರೆ ಚಿಕ್ಕದಾಗಿದೆ. ಮೇಲಿನದು, ಆ ಇರಬೇಕಾದ ತೂತು, ಅದು ಪೂರ್ತಿ ಮುಚ್ಚಿದೆ. ಇದು ಮುಚ್ಚುತ್ತೋ ಇಲ್ಲವೋ ಈಗಲೇ ಹೇಳೋಕಾಗಲ್ಲ. ಮಗು ಮಾತ್ರ ಚೆನ್ನಾಗಿದೆ. ಆರು ತಿಂಗಳು ಬಿಟ್ಟು ಬನ್ನಿ."

"ರೈಟ್!" ಎಂದರು ಅತ್ತೆ.

ನಾನು ಪೀಪಿಗೆ ಅಂಗಿ ಹಾಕತೊಡಗಿದೆ. ಅವಳ ಒಂದು ಕೈ ತೋಳಿನೊಳಗೆ ಸಿಕ್ಕಿಕೊಂಡು, ಇನ್ನೊಂದು ಕೈ ನನ್ನ ಕೂದಲು ಹಿಡಿದು, ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ತಲೆಯೆತ್ತಿದಾಗ ಡಾಕ್ಟರು ಮೇಜಿಗೆ ಮೊಣಕೈಯೂರಿ ನನ್ನನ್ನೇ ನೋಡುತ್ತಿದ್ದರು. ಗುಳ್ಳೆಯೂ ಬಾಗಿಲ ಬಳಿ ನಿಂತುಬಿಟ್ಟಿದ್ದ.

"ಏನಾಯ್ತು?" ಎಂದೆ.

"ಇವತ್ತು ಕೇಳಲಿಲ್ಲ ನೀವು" ಎಂದರು ಡಾಕ್ಟರು. "ನಾನು ಉತ್ತರ ರೆಡಿ ಇಟ್ಕೊಂಡು ಕೂತಿದ್ದೀನಿ."

"ಏನು ಕೇಳಬೇಕಿತ್ತು?" ಎಂದು, ನಿಜವಾಗಿಯೂ ತಕ್ಷಣಕ್ಕೆ ನೆನಪಾಗದೆ, ನಾನು ಪೀಪಿಯ ಬೆರಳುಗಳಿಂದ ಒಂದೊಂದಾಗಿ ನನ್ನ ಕೂದಲು ಬಿಡಿಸಿಕೊಳ್ಳತೊಡಗಿದೆ.